ಐದು ದಿನದ ನೀರು

ಸಾಯಲೆಂದು ಕಾಶಿಗೆ ಬಂದವರಲ್ಲಿ ಅವರಷ್ಟು ಗಟ್ಟಿಮುಟ್ಟಾಗಿದ್ದವರನ್ನು ನಾನು ಬೇರೆ ಕಂಡಿಲ್ಲ. ವಯಸ್ಸು ಅರವತ್ತೈದು ದಾಟಿತ್ತು. ಬೆಳಗಿನ ಐದಕ್ಕೆ ಗಂಗೆಯಲ್ಲಿ ಮೂರು ಮುಳುಗು ಹಾಕಿ, ವಿಶ್ವನಾಥ ಗಲ್ಲಿಯಲ್ಲಿ ದರ್ಶನ ಮುಗಿಸಿ, ಗೋದೌಲಿಯಾದ ಜನಜಂಗುಳಿಯನ್ನು ಕೊಡೆಯ ತುದಿಯಿಂದ ಸರಿಸಿಕೊಂಡು, ದಾರಿಯಲ್ಲಿ ಇಬ್ಬರು ರಿಕ್ಷಾದವರ ಜೊತೆ ಜಗಳವನ್ನೂ ಆಡಿ ಅವರು ಮಠಕ್ಕೆ ಮರಳುವ ಹೊತ್ತಿಗೆ ಮೂವತ್ತರ ಹರೆಯದ ನಾವು ಇನ್ನೂ ಹಾಸಿಗೆಯಲ್ಲಿ ಹೊರಳುತ್ತಿದ್ದೆವು. "ಏನು ಡಾಕ್ಟ್ರೇ, ಇನ್ನೂ ಕರೆ ಬರಲಿಲ್ಲವೇ?" ಎಂದು ನಾನು ಕೇಳಿದರೆ, "ಅರ್ಜಿ ಹಾಕೇನ್ರಿ ಅಕ್ಕೋರ. ಮ್ಯಾಲಿನ ಆಫೀಸು, ತಡ ಆಗ್ತೈತಿ" ಎನ್ನುತ್ತಿದ್ದರು.

ನನಗಿಂತ ಮೂವತ್ತು ವರ್ಷಕ್ಕೂ ದೊಡ್ಡವರು ನನ್ನನ್ನು ಅಕ್ಕೋರ ಎಂದು ಕರೆಯುತ್ತಿದ್ದುದಕ್ಕೆ ನಾನು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪಾಠ ಮಾಡುತ್ತಿದ್ದುದೇ ಕಾರಣ. ಅವರ ಹಾವೇರಿ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ ಅಂತೆ. ನಾನು ಮೈಸೂರಿನವಳು. ಕಾಶಿಯಲ್ಲಿ ಬೆರಳೆಣಿಕೆಯಷ್ಟಿದ್ದ ಕನ್ನಡದವರು ಹಬ್ಬದ ದಿನ ನಮ್ಮ ಕಡೆಯ ಮಠದಲ್ಲಿ ಸೇರುತ್ತಿದ್ದೆವು. ಹೋಳಿಗೆ ತಿಂದು, ಹಿಂದಿಯಲ್ಲೇ ಜಗಳವಾಡುವ ನಮ್ಮ ಮಕ್ಕಳನ್ನು ಕನ್ನಡದಲ್ಲಿ ಗದರಿಸಿ, ಮನೆಗೆ ಹೋಗುತ್ತಿದ್ದೆವು. ಮೊದಲ ಸಲ ಅವರನ್ನು ಕಂಡದ್ದು ಅಲ್ಲಿಯೇ. ಎಲ್ಲರೂ ಪಾಯಸದ ಮೇಲೆ ಕಣ್ಣಿಟ್ಟಿದ್ದರೆ ಇವರು ಕುಡಿಯುವ ನೀರಿನ ಹಂಡೆಯೊಳಗೆ ತಲೆ ತೂರಿಸಿ ವಾಸನೆ ನೋಡುತ್ತಿದ್ದರು.

ಇದು ಅವರ ಚಾಳಿ. ಯಾರ ಮನೆಗೆ ಹೋದರೂ ಕೂರುವುದಕ್ಕೆ ಮೊದಲು, "ನೀರು ಎಲ್ಲಿಂದ ತರ್ತೀರಿ?" ಎಂದು ವಿಚಾರಿಸುವುದು. ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿಯುವುದು, ಮೂಸುವುದು, ಆಮೇಲೆ ಕುಡಿಯುವುದು. "ಮದಲ ನೀರು ನೋಡ್ಬೇಕ್ರಿ. ಆಮ್ಯಾಲ ರೋಗಿ ಮಾರಿ ನೋಡೂದು" ಎನ್ನುವುದು ಅವರ ಏಕೈಕ ವೈದ್ಯಕೀಯ ಸಿದ್ಧಾಂತ. ನನ್ನ ಮನೆಯ ನೀರು ಅವರ ಪರೀಕ್ಷೆಯಲ್ಲಿ ಪಾಸಾಗಲು ಆರು ತಿಂಗಳು ಹಿಡಿಯಿತು.

ನಿಜ ಹೇಳಬೇಕೆಂದರೆ ಅವರು ಡಾಕ್ಟರೇ ಅಲ್ಲ. ಸರ್ಕಾರಿ ಕೋಳಿ ಸಾಕಣೆ ಕೇಂದ್ರವೊಂದರಲ್ಲಿ ಸಹಾಯಕರಾಗಿ ಸೇರಿ ಸಹಾಯಕರಾಗಿಯೇ ನಿವೃತ್ತರಾದವರು. ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು. ಮರಿಗಳ ಜೊತೆ ಉಳಿದವರು ಇವರೊಬ್ಬರೇ. ಮಠದಲ್ಲಿ ಮೊದಮೊದಲು ಯಾರಾದರೂ ಡಾಕ್ಟ್ರೇ ಎಂದರೆ "ಅಲ್ರಿ, ಅಲ್ರಿ" ಎಂದು ಕೈ ಆಡಿಸುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಆ ಕೈ ಸುಮ್ಮನಾಗಿತ್ತು.

ಇನ್ನೊಂದು ಸಂಕಟವಿತ್ತು. ಪಶುವೈದ್ಯ ಇಲಾಖೆ ಎಂದದ್ದೇ ಮಠದವರೆಲ್ಲ ಇವರನ್ನು ಹಸುವಿನ ಡಾಕ್ಟರು ಎಂದುಕೊಂಡುಬಿಟ್ಟಿದ್ದರು. ಶುದ್ಧ ಶಾಕಾಹಾರಿ, ಮೊಟ್ಟೆ ಸಹ ಮುಟ್ಟಿ ತಿಂದವರಲ್ಲ; ಆದರೂ ವಿಭೂತಿ ಹಚ್ಚಿಕೊಂಡವರ ನಡುವೆ ಕೂತು "ನಾನು ಜನ್ಮವಿಡೀ ಕೋಳಿ ಸಾಕಿದೆ" ಎನ್ನಲು ಬಾಯಿ ಬರಲಿಲ್ಲ. ಅಲ್ಲಿ ಕೋಳಿಗಳ ಮಾತು ಬಂದರೆ 'ಆ ಮಕ್ಕಳು' ಎನ್ನುತ್ತಿದ್ದರು. ಒಮ್ಮೆ ಮಠದ ಹಸು ಮೇವು ಬಿಟ್ಟಿತು. ಡಾಕ್ಟರನ್ನು ಕರೆಸಿದರು. ಇವರು ಹಸುವಿನಿಂದ ಎರಡು ಮಾರು ದೂರ ನಿಂತು, ಕೊಡೆಯನ್ನು ಇಬ್ಬರ ನಡುವೆ ಹಿಡಿದು, "ನೀರು ಎಲ್ಲಿಂದ ತರ್ತೀರಿ?" ಎಂದು ಕೇಳಿದರಂತೆ. ತೊಟ್ಟಿ ತೊಳೆಸಿ ಹೊಸ ನೀರು ತುಂಬಿಸಿದ ಮರುದಿನವೇ ಹಸು ಮೇವು ತಿಂದಿತು. ಅಲ್ಲಿಂದ ಮುಂದೆ ಅವರ ಕೀರ್ತಿಯನ್ನು ತಡೆಯುವವರೇ ಇರಲಿಲ್ಲ.

ಅವರ ಕಾಶಿವಾಸ ತಮಾಷೆಯದಾಗಿರಲಿಲ್ಲ. ಹೆಂಡತಿ ತೀರಿಕೊಂಡ ಮರುವರ್ಷ ಬಂದು, ವಿಶ್ವನಾಥನ ಮುಂದೆ ಸಂಕಲ್ಪ ಮಾಡಿದ್ದರು. ಪ್ರಾಣ ಹೋಗುವ ತನಕ ಕ್ಷೇತ್ರದ ಗಡಿ ದಾಟುವುದಿಲ್ಲ. ಗಂಗೆಯ ಈಚೆ ದಡ ಕಾಶಿ. ಆಚೆ ದಡದ ರಾಮನಗರ ಕಣ್ಣಿಗೆ ಕಾಣುವಷ್ಟೇ ದೂರ, ಆದರೆ ಅಲ್ಲಿ ಸತ್ತರೆ ಮುಂದಿನ ಜನ್ಮ ಕತ್ತೆಯದು ಎಂದು ಊರಿನವರ ನಂಬಿಕೆ. ಅವರಿಗೆ ಎದೆನೋವಿನ ಗುಳಿಗೆಯೂ ಇತ್ತು. ಜುಬ್ಬದ ಕಿಸೆಯಲ್ಲಿ ಯಾವಾಗಲೂ ಇರುತ್ತಿತ್ತು. ಯಾವ ಕ್ಷಣದಲ್ಲಾದರೂ ಕರೆ ಬರಬಹುದಾದ ಮನುಷ್ಯ ದೋಣಿ ಹತ್ತುವುದೆಂದರೆ, ಇಷ್ಟು ವರ್ಷ ಕಾದದ್ದನ್ನೆಲ್ಲ ಪಣಕ್ಕಿಟ್ಟ ಹಾಗೆ. ಮಗಳ ಮನೆಯ ಮದುವೆಗೂ ಅವರು ಹೋಗಿರಲಿಲ್ಲ.

ಇನ್ನು ರಾಮದೇಯಿಯ ವಿಷಯ. ರಾಮನಗರದ ದೋಣಿಯವರ ಮನೆಯ ಹೆಂಗಸು. ದಿನಾ ದೋಣಿಯಲ್ಲಿ ಈಚೆ ಬಂದು ನಮ್ಮ ಕ್ವಾರ್ಟರ್ಸಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತೊಂಬತ್ತೊಂದರ ಸುಮಾರಿಗೆ ಅವಳು ಯಾರ ಮಾತೂ ಕೇಳದೆ ನೂರು ಕೋಳಿಮರಿಗಳನ್ನು ತಂದು ಗುಡಿಸಲ ಪಕ್ಕದ ಕೋಣೆಯಲ್ಲಿ ಬಿಟ್ಟುಕೊಂಡಳು. "ದೀದಿ, ಇವು ದೊಡ್ಡವಾದರೆ ನಾನು ಇನ್ನೊಬ್ಬರ ಎಂಜಲು ಪಾತ್ರೆ ಮುಟ್ಟುವುದಿಲ್ಲ" ಎಂದು ನನ್ನದೇ ಬಾಣಲೆ ತಿಕ್ಕುತ್ತಾ ನನಗೇ ಹೇಳಿದಳು. ನಾನು ಸಂತೋಷಪಟ್ಟೆ. ಸಂತೋಷಪಡುತ್ತಲೇ, ಹಾಗಾದರೆ ನನ್ನ ಬಾಣಲೆ ತಿಕ್ಕುವವರು ಯಾರು ಎಂದೂ ಯೋಚಿಸಿದೆ. ಅದು ನನ್ನ ಮುಖದ ಮೇಲೆ ಬಂದಿರಬೇಕು. ಅವಳು ನಕ್ಕು, "ದೀದಿಗೆ ನನ್ನ ಮರಿ ಬದುಕುವುದು ಬೇಕಿಲ್ಲ!" ಎಂದಳು. ಆಮೇಲೆ ದಿನವೂ ಅದೇ ತಮಾಷೆ. ನಾನೂ ನಗುತ್ತಿದ್ದೆ.

ಆ ವರ್ಷ ಗಂಗೆ ಉಕ್ಕಿ ಇಳಿದ ಮೇಲೆ ಆಚೆ ದಡದ ನೆಲವೆಲ್ಲ ತೇವ. ಮರಿಗಳಿಗೆ ಮೂರು ವಾರ ತುಂಬಿತ್ತು. ಒಂದು ಬೆಳಿಗ್ಗೆ ರಾಮದೇಯಿ ಪಾತ್ರೆಗೆ ಕೈ ಹಾಕದೆ ಹಿತ್ತಲಲ್ಲಿ ಕೂತಿದ್ದಳು. "ಏಳು ಮರಿ ಹೋದವು ದೀದಿ. ರೆಕ್ಕೆ ಜೋಲು ಬಿಟ್ಟು, ಮುದುಡಿಕೊಂಡು ಕೂರುತ್ತವೆ. ಹಿಕ್ಕೆಯಲ್ಲಿ ಖೂನ್, ಬರೀ ರಕ್ತ. ಕಾ ಕರೀಂ, ನಾನು ಏನು ಮಾಡಲಿ?" ನನಗೆ ಮರಗಿಡಗಳ ರೋಗ ಗೊತ್ತು, ಮರಿಗಳದ್ದು ಗೊತ್ತಿಲ್ಲ. ಮಠಕ್ಕೆ ಹೇಳಿಕಳಿಸಿ ಡಾಕ್ಟ್ರನ್ನು ಕರೆಸಿದೆ.

ರಕ್ತ ಎಂದದ್ದೇ ಅವರ ಮುಖ ಬದಲಾಯಿತು. ಅಷ್ಟು ದಿನ ಮಠದಲ್ಲಿ ಮೋಕ್ಷದ ಕ್ಯೂನಲ್ಲಿ ನಿಂತಿದ್ದ ಮನುಷ್ಯ ಅಂದು ಡ್ಯೂಟಿಗೆ ಹಾಜರಾದರು. "ಕಾಕ್ಸಿ ಇರಬೇಕ್ರಿ. ಕರುಳಿನ ಹುಳ. ಕಣ್ಣಿಗೆ ಕಾಣೂದಿಲ್ಲ. ಹಸಿ ಹಾಸು ಇದ್ದಲ್ಲಿ ಸಂಸಾರ ಬೆಳಸ್ತೈತಿ. ಹಿಕ್ಕಿ ತರ್ಸ್ರಿ, ನಿಮ್ಮ ದುರ್ಬೀನದಾಗ ನೋಡೂಣು" ಎಂದರು. ದುರ್ಬೀನು ಎಂದರೆ ನಮ್ಮ ಇಲಾಖೆಯ ಸೂಕ್ಷ್ಮದರ್ಶಕ.

ರಾಮದೇಯಿ ಮರುದಿನ ಹಿಕ್ಕೆಯನ್ನು ಒಣಗದಂತೆ ವೀಳ್ಯದೆಲೆಯಲ್ಲಿ ಮಡಿಸಿ ತಂದಳು. ಬನಾರಸಿನ ಹೆಂಗಸು, ಎಲೆ ಮಡಿಸುವುದೆಂದರೆ ಅಂಗಡಿಯವನ ಹಾಗೇ, ಮೂಲೆಗೆ ಲವಂಗ ಚುಚ್ಚಿ. ನಾನು ಅದನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು ಗಾಜಿನ ಪಟ್ಟಿ ತರಲು ತಿರುಗಿದೆ. ಪಾನ್ ಇಲ್ಲದೆ ಪಾಠ ಮಾಡದ ನಮ್ಮ ಮಿಶ್ರಾಜಿ ಎಲ್ಲಿದ್ದರೋ, "ಅರೆ ವಾಹ್" ಎನ್ನುತ್ತಾ ಕೈ ಚಾಚಿಯೇಬಿಟ್ಟರು. ಪಕ್ಕದಲ್ಲೇ ಕಾದಿದ್ದ ಡಾಕ್ಟ್ರು ಆ ಕೈಯ ಮೇಲೆ ಕೊಡೆಯಿಂದ ಒಂದು ಏಟು ಕೊಟ್ಟರು. ಒಳಗೇನಿದೆ ಎಂದು ಹೇಳಿದ ಮೇಲೆ ಮಿಶ್ರಾಜಿ ನಾಲ್ಕು ದಿನ ನಾನು ಕೊಟ್ಟ ಚಹಾ ಕೂಡ ಕುಡಿಯಲಿಲ್ಲ.

ದುರ್ಬೀನಿಗೆ ಕಣ್ಣಿಟ್ಟವರು, "ಬರ್ರಿ, ನೋಡ್ರಿ" ಎಂದು ನನ್ನನ್ನು ಕರೆದರು. ಸಣ್ಣ ಸಣ್ಣ ಮೊಟ್ಟೆಯಾಕಾರದ ಕಾಳುಗಳು, ಎಲ್ಲೆಲ್ಲೂ. "ಮೂವತ್ತು ವರ್ಷದ ಗೆಳೆಯರು" ಎಂದು ಕನ್ನಡಕವನ್ನು ಪಂಚೆಯ ಚುಂಗಿಗೆ ಒರೆಸಿದರು. ಬಹಳ ದಿನದ ಮೇಲೆ ಊರಿನವರನ್ನು ಕಂಡಷ್ಟು ಖುಷಿಯಾಗಿತ್ತು ಅವರಿಗೆ.

ಆದರೆ ಆಚೆ ದಡಕ್ಕೆ ಹೋಗಲಾರರು. ಹಾಗಾಗಿ ಚಿಕಿತ್ಸೆ ಈಚೆ ದಡದಿಂದಲೇ ನಡೆಯಬೇಕಾಯಿತು. ಆಂಪ್ರೋಲಿಯಂ ಎಂಬ ಪುಡಿಯನ್ನು ತರಿಸಿ, ದಿನಕ್ಕೊಂದರಂತೆ ಐದು ಪೊಟ್ಟಣ ಕಟ್ಟಿದರು. ಕುಡಿಯುವ ನೀರಿಗೆ ಇದನ್ನು ಬೆರೆಸಬೇಕು. ಐದು ದಿನ ಆ ನೀರೇ, ಬೇರೆ ನೀರಿಲ್ಲ. ಒದ್ದೆ ಹೊಟ್ಟನ್ನು ತೆಗೆದು ಸುಣ್ಣ ಎರಚಿ ಒಣಹೊಟ್ಟು ಹಾಸಬೇಕು. ನೀರಿನ ಬಟ್ಟಲು ಚೆಲ್ಲದಂತೆ ಇಟ್ಟಿಗೆಯ ಮೇಲಿಡಬೇಕು. ಅಳತೆಯಲ್ಲಿ ತಪ್ಪಬಾರದೆಂದು ನೀರು ಬೆರೆಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ದಿನಾ ಬೆಳಿಗ್ಗೆ ದೋಣಿಯಲ್ಲಿ ಹೋಗುವುದು, ಬೆರೆಸುವುದು, ಬರುವುದು. ಆ ಹೊತ್ತಿಗೆ ರಾಮದೇಯಿ ಈಚೆ ದಡದಲ್ಲಿ ಪಾತ್ರೆ ತೊಳೆಯುತ್ತಿರುತ್ತಿದ್ದಳು.

ಮೊದಲ ದಿನವೇ ಆ ಮರಿಗಳ ಪೆಚ್ಚು ಮುಖ ನೋಡಲಾಗಲಿಲ್ಲ. ಜುಟ್ಟು ಬಿಳಿಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದವು. ರಕ್ತ ಹೋದವರಿಗೆ ಶಕ್ತಿ ಬೇಡವೇ? ನನಗೆ ನಿಶ್ಶಕ್ತಿಯೆಂದು ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟಿದ್ದ ಬಿ ಜೀವಸತ್ವದ ಟಾನಿಕ್ ಬಾಟಲಿ ಚೀಲದಲ್ಲಿತ್ತು. ಬಟ್ಟಲಿಗೆ ಎರಡೆರಡು ಚಮಚ ಹಾಕಿದೆ. ಎರಡನೆಯ ದಿನ, ಮೂರನೆಯ ದಿನವೂ ಹಾಕಿದೆ. ಪುಣ್ಯದ ಕೆಲಸ ಮಾಡಿದವಳ ಹಾಗೆ ಬೀಗುತ್ತಾ ದೋಣಿಯಲ್ಲಿ ಮರಳಿದೆ. ಯಾರಿಗೂ ಹೇಳಲಿಲ್ಲ, ಹೇಳುವಂಥ ದೊಡ್ಡ ಸಂಗತಿ ಎಂದು ಅನಿಸಲೂ ಇಲ್ಲ.

ನಾಲ್ಕನೆಯ ದಿನದ ಹೊತ್ತಿಗೆ ನಲವತ್ತು ಮರಿ ಸತ್ತಿದ್ದವು.

ಮಠಕ್ಕೆ ಹೋಗಿ ಹೇಳಿದೆ. ಅವರ ಕೈಯಲ್ಲಿದ್ದ ಜಪಮಣಿ ನಿಂತಿತು. "ಔಷಧ ಸರಿ ಐತಿ. ರೋಗ ಸರಿ ಐತಿ. ಮತ್ಯಾಕ?" ಎಂದು ತಮ್ಮನ್ನೇ ಕೇಳಿಕೊಂಡರು. ಜಪಮಣಿಯನ್ನು ಚೀಲಕ್ಕೆ ಹಾಕಿ, "ನೀರು ನಾನು ನೋಡ್ಲಿಲ್ಲರಿ ಅಕ್ಕೋರ. ನೀರು ನೋಡದನ ಔಷಧ ಕೊಟ್ಟೆ" ಎಂದವರು ಎದ್ದು ಉಳಿದ ಪುಡಿಯ ಡಬ್ಬಿಯನ್ನೂ ಕೊಡೆಯನ್ನೂ ತೆಗೆದುಕೊಂಡರು. ಎಲ್ಲಿಗೆ ಎಂದು ನಾನು ಕೇಳಬೇಕಿರಲಿಲ್ಲ. ಆದರೂ ಕೇಳಿದೆ. "ಡಾಕ್ಟ್ರೇ, ನಿಮ್ಮ ಸಂಕಲ್ಪ?"

"ಅರವತ್ತು ಉಳಿದಾವಲ್ರಿ ಇನ್ನೂ" ಎಂದರು.

ಕೊಡೆಯನ್ನು ಊರಿಕೊಂಡು ದೋಣಿ ಹತ್ತಿದರು. ನೆರೆ ಇಳಿದಿದ್ದರೂ ನೀರಿನ ಕೆಂಪು ಇನ್ನೂ ಹೋಗಿರಲಿಲ್ಲ, ಸೆಳೆತ ಜೋರಾಗಿತ್ತು. ನಡುನೀರಿನಲ್ಲಿ ಕಿಸೆಯ ಗುಳಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅವರ ಭಯ ನೋಡಲಾರದೆ ನಾನು, "ಕತ್ತೆಯಾದರೆ ನಮ್ಮ ಮನೆಗೇ ಬನ್ನಿ, ಒಳ್ಳೆ ನೀರು ಕೊಡುತ್ತೇನೆ" ಎಂದೆ. ಅವರು ನಗಲಿಲ್ಲ. ಹಿಂದೆ ಸರಿಯುತ್ತಿದ್ದ ಕಾಶಿಯ ಮೆಟ್ಟಿಲುಗಳನ್ನೇ ನೋಡುತ್ತಿದ್ದರು. ಆಡಬಾರದ ಮಾತಾಡಿದೆ ಎನಿಸಿತು.

ಗುಡಿಸಲಿಗೆ ಹೋದವರು ರಾಮದೇಯಿಯ ನಮಸ್ಕಾರಕ್ಕೂ ನಿಲ್ಲದೆ ಕೋಣೆಗೆ ಹೋಗಿ ನೀರಿನ ಬಟ್ಟಲನ್ನು ಎತ್ತಿ ಮೂಸಿದರು. ಬೆಳಕಿಗೆ ಹಿಡಿದರು. ನೀರು ತಿಳಿಹಳದಿ. ಆ ವಾಸನೆ ನನ್ನ ಮೂಗಿಗೂ ಬಂತು. "ಬೇಟಿ, ಇಸ್ ಮೇ ಕುಛ್ ಡಾಲಾ?" ಇದಕ್ಕೆ ಏನಾದರೂ ಹಾಕಿದೆಯಾ ಎಂದು ಕೇಳಿದರು. ಅವಳು ಗಾಬರಿಯಾಗಿ ತಲೆ ಅಲ್ಲಾಡಿಸಿದಳು. ಅವರು ಇನ್ನೊಮ್ಮೆ ಮೂಸಿ ನನ್ನ ಕಡೆ ತಿರುಗಿದರು. ಚೀಲದಿಂದ ಬಾಟಲಿಯ ಕತ್ತು ಹೊರಗೆ ಚಾಚಿಕೊಂಡಿತ್ತು. ದೀದಿಗೆ ನನ್ನ ಮರಿ ಬದುಕುವುದು ಬೇಕಿಲ್ಲ ಎಂದು ಅವಳು ದಿನವೂ ಆಡುತ್ತಿದ್ದ ತಮಾಷೆ, ನಾನೀಗ ಬಾಯಿಬಿಟ್ಟರೆ, ತಮಾಷೆಯಾಗಿ ಉಳಿಯುವುದಿಲ್ಲ. ಅವಳ ಕಣ್ಣು ನನ್ನ ಮೇಲೂ ಅವರ ಮೇಲೂ ಓಡಾಡುತ್ತಿತ್ತು.

ಅವರು ಬಟ್ಟಲನ್ನು ಕೆಳಗಿಟ್ಟರು. "ಗಲತಿ ಮೇರಾ ಹೈ, ಬೇಟಿ," ತಪ್ಪು ತನ್ನದು ಎಂದರು. ಪುಡಿಯ ಪೊಟ್ಟಣ ಕಟ್ಟುವಾಗ ಶಕ್ತಿ ಬರಲೆಂದು ತಾಕತ್ತಿನ ಔಷಧಿಯನ್ನೂ ತಾನೇ ಕೂಡಿಸಿಬಿಟ್ಟೆನೆಂದೂ, ಅದು ಕೂಡಿಸಬಾರದ ಔಷಧಿಯೆಂದೂ, ವಯಸ್ಸಾಯಿತು, ಮರೆತೆನೆಂದೂ ತಮ್ಮ ಹಾವೇರಿಯ ಹಿಂದಿಯಲ್ಲಿ ಒಪ್ಪಿಸಿದರು. ಕಾಶಿವಾಸಿಯಾದ ಮೇಲೆ ಸುಳ್ಳು ಹೇಳಿದವರಲ್ಲ. ಅಂದು ಒಂದೇ ಗಂಟೆಯಲ್ಲಿ ಗಡಿಯನ್ನೂ ದಾಟಿದರು, ಸುಳ್ಳನ್ನೂ ಹೇಳಿದರು.

ರಾಮದೇಯಿ ಅವರನ್ನು ಬಿಡಲಿಲ್ಲ. ನಲವತ್ತು ಮರಿ ಕಳೆದುಕೊಂಡ ಹೆಂಗಸು ಹೇಗೆ ಬಿಟ್ಟಾಳು? ಬಾಯಿಗೆ ಬಂದಂತೆ ಬೈದಳು. ತಲೆ ತಗ್ಗಿಸಿ ಕೇಳಿಸಿಕೊಂಡರು. ಅವಳು ಸುಸ್ತಾದ ಮೇಲೆ ಪಂಚೆ ಎತ್ತಿ ಕಟ್ಟಿ, ಬಟ್ಟಲುಗಳನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ಜೊತೆಗೆ ತಂದ ಡಬ್ಬಿಯಿಂದ ಹೊಸ ಪುಡಿ ತೆಗೆದು ನೀರಿಗೆ ಬೆರೆಸಿದರು. ನಾನು ಹೊರಟು ನಿಂತಾಗ, "ನೀವು ನಡೀರಿ ಅಕ್ಕೋರ. ನಾ ಬರೂದಿಲ್ಲ. ಐದು ದಿನದ ನೀರು ನಾನ ಕುಡಸ್ತೀನಿ" ಎಂದರು.

ಐದು ದಿನ ಅವರು ಕಾಶಿಯಲ್ಲದ ನೆಲದಲ್ಲಿ ಮಲಗಿದರು. ಮಠದ ಪ್ರಸಾದ ಬಿಟ್ಟು ಬೇರೆ ಮುಟ್ಟದವರು ಮೊದಲೆರಡು ದಿನ ಬಾಳೆಹಣ್ಣು, ಬೆಲ್ಲದಲ್ಲಿ ಕಳೆದು, ಮೂರನೆಯ ದಿನ ರಾಮದೇಯಿ ಕೆಂಡದಲ್ಲಿ ಸುಟ್ಟ ಲಿಟ್ಟಿ ಎಂಬ ಗೋದಿಯುಂಡೆ ತಿಂದು, ನಾಲ್ಕನೆಯ ದಿನ ಇನ್ನೊಂದು ಹಾಕು ಎಂದರಂತೆ. ಹೊಟ್ಟು ತಿರುವಿ ಹಾಕಿದರು, ಸುಣ್ಣ ಎರಚಿದರು, ಬಟ್ಟಲು ಮೂಸಿದರು. ಮೂರನೆಯ ದಿನದಿಂದ ಮರಿ ಸಾಯುವುದು ನಿಂತಿತು. ಐದನೆಯ ದಿನ ಐವತ್ತೆರಡು ಮರಿಗಳು ಅವರ ಕಾಲ ಮೇಲೆಲ್ಲ ಹತ್ತಿ ಕುಕ್ಕುತ್ತಿದ್ದವು. ಆರನೆಯ ದಿನ ಕರೆತರಲು ಹೋದ ನಾನು, "ಹೆದರಿಕೆಯಾಗಲಿಲ್ಲವೇ ಡಾಕ್ಟ್ರೇ?" ಎಂದರೆ, "ಸಾಯಾಕ ಪುರಸೊತ್ತು ಎಲ್ಲಿತ್ರಿ?" ಎಂದು ಜುಬ್ಬಕ್ಕೆ ಮೆತ್ತಿದ್ದ ಹೊಟ್ಟು ಕೊಡವಿದರು.

ದೋಣಿಯಲ್ಲಿ ಎದುರಾಬದುರು ಕೂತಾಗ ಒಪ್ಪಿಕೊಂಡೆ. ಟಾನಿಕ್ ಹಾಕಿದ್ದು ನಾನು ಎಂದೆ.

"ಗೊತ್ತೈತ್ರಿ" ಎಂದರು. "ಆಕಿ ಹೇಳಿದಷ್ಟ ಮಾಡ್ತಾಳ. ಹೇಳದ ಇದ್ದದ್ದನ್ನ ಮಾಡೋರು ಕಲ್ತವರು." ಆಮೇಲೆ ಅವರೇ, ಕ್ಲಾಸಿನಲ್ಲಿ ಹಿಂದುಳಿದವಳಿಗೆ ಹೇಳುವಂತೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಆ ಹುಳಕ್ಕೆ ಬದುಕಲು ಬೇಕಾದದ್ದು ಬಿ ಜೀವಸತ್ವ. ಔಷಧಿ ಆ ಜೀವಸತ್ವದ ವೇಷ ಹಾಕಿಕೊಂಡು ಹೋಗಿ ಹುಳವನ್ನು ಮೋಸಗೊಳಿಸಿ ಉಪವಾಸ ಕೆಡವುತ್ತದೆ. "ನೀವು ಖರೇ ಊಟಾನ ಬಡಸಿದ್ರಿ. ಟಾನಿಕ್ ಬ್ಯಾಡ ಅಂತಲ್ಲ. ಔಷಧ ಮುಗದ ಮ್ಯಾಲ ಕೊಡೂದು." ನಿಮಗೆ ಹೇಗೆ ಕ್ಷಮೆ ಕೇಳಲಿ ಎಂದೆ. "ನನಗ ಯಾಕ? ಹೇಳೂದಿದ್ರ ಆಕಿಗೆ ಹೇಳ್ರಿ. ಅವಸರಿಲ್ಲ" ಎಂದರು.

ಆ ಕೊನೆಯ ಪದವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ವರ್ಷ ಅವಸರ ಮಾಡಲಿಲ್ಲ.

ಒಮ್ಮೆ ದಾಟಿದ ಗಂಗೆಯನ್ನು ಅವರು ಮತ್ತೆ ಮತ್ತೆ ದಾಟಿದರು. ಹೊಸ ಮರಿ ಬಂದಾಗಲೆಲ್ಲ ರಾಮದೇಯಿಯ ಗಂಡನೇ ದೋಣಿ ತಂದು ನಿಲ್ಲಿಸುತ್ತಿದ್ದ. ಮಠದಲ್ಲಿ ಯಾರಾದರೂ ಸಂಕಲ್ಪದ ಮಾತೆತ್ತಿದರೆ, "ಡ್ಯೂಟಿ ಮ್ಯಾಲ ಹೋಗಿದ್ದೆ" ಎನ್ನುತ್ತಿದ್ದರು. ರಾಮದೇಯಿ ಪಾತ್ರೆ ತೊಳೆಯುವುದನ್ನು ಬಿಟ್ಟಳು; ನಾನೂ ನನ್ನ ಯಜಮಾನರೂ ಸರದಿಯ ಮೇಲೆ ಬಾಣಲೆ ತಿಕ್ಕತೊಡಗಿದೆವು. ಆಚೆ ದಡದಲ್ಲಿ ಅವರಿವರೂ ಮರಿಗಳ ಬುಟ್ಟಿ ಹೊತ್ತು ಬರುತ್ತಿದ್ದರು. ಅವರೆಲ್ಲರ ಮುಂದೆ ರಾಮದೇಯಿಯದು ಒಂದೇ ಪಲ್ಲವಿ: "ಡಾಗ್ದರ್ ಬಾಬೂ, ಈ ಸಲ ತಾಕತ್ತು ಬೆರೆಸಬೇಡಿ!" ಎಲ್ಲರೂ ನಗುತ್ತಿದ್ದರು. ಒಳ್ಳೆಯ ಡಾಕ್ಟರೇ, ಆದರೆ ಮೊದಲಲ್ಲಿ ನಲವತ್ತು ಮರಿ ಕೊಂದರು ಎಂದು ಹೊಸಬರಿಗೆ ಹಳಬರು ಹೇಳುತ್ತಿದ್ದರು. ಅವರು ಕೈಮುಗಿದು, "ಭೂಲ್ ಗಯಾ ಥಾ, ಬೇಟಿ," ಮರೆತಿದ್ದೆ ಎನ್ನುತ್ತಿದ್ದರು. ಜೊತೆಗೆ ಹೋದ ದಿನ ನಾನು ಆ ಹೊತ್ತಿಗೆ ಸರಿಯಾಗಿ ಮರಿಗಳನ್ನು ಎಣಿಸಲು ಬಗ್ಗಿರುತ್ತಿದ್ದೆ. ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಒಂದು ಕಾರ್ತಿಕದ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಮಠದ ಕೋಣೆಯಲ್ಲಿ ಒರಗಿದವರು ಏಳಲಿಲ್ಲ. ಈಚೆ ದಡದಲ್ಲಿಯೇ, ಅವರು ಬಯಸಿದ ಹಾಗೆ. ಮಣಿಕರ್ಣಿಕೆಯಲ್ಲಿ ಎಲ್ಲವೂ ಸಾಂಗವಾಗಿ ನಡೆಯಿತು.

ಮೂರನೆಯ ದಿನ ರಾಮದೇಯಿ ನಮ್ಮ ಮನೆಗೆ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಅಳು ನಿಲ್ಲುತ್ತಿರಲಿಲ್ಲ. "ಒಂದೇ ಒಂದು ತಪ್ಪು ಮಾಡಿದ್ದರು ದೀದಿ. ನಾನು ಒಂದು ದಿನವೂ ಅವರಿಗೆ ಮರೆಯಲು ಬಿಡಲಿಲ್ಲ. ಪ್ರೀತಿಯಿಂದಲೇ ಅನ್ನುತ್ತಿದ್ದೆ. ಅವರಿಗೆ ಚುಚ್ಚುತ್ತಿತ್ತೋ ಏನೋ."

ಆಗ ಹೇಳಿದೆ. ಬಾಟಲಿ, ಚಮಚ, ಮೂರು ಬೆಳಗು, ಎಲ್ಲ ಹೇಳಿದೆ. ನೀನು ಪಾತ್ರೆ ಕೆಲಸ ಬಿಟ್ಟು ಹೋಗುವುದು ಬೇಡವೆಂದು ಮಾಡಿದ್ದಲ್ಲ ಎಂದೂ ಹೇಳಿದೆ.

ಬೈಯುತ್ತಾಳೆಂದು ಕಾದೆ. ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಬೇಕೆಂದು ಮಾಡಿದ್ದಲ್ಲ ಅಂತ ನನಗೆ ಗೊತ್ತಾಗುತ್ತಿತ್ತು ದೀದಿ. ಅವತ್ತೇ ಹೇಳಿದ್ದರೆ ಎರಡು ದಿನ ನಿಮ್ಮನ್ನು ಬೈದು ಸುಮ್ಮನಾಗುತ್ತಿದ್ದೆ" ಎಂದಳು. "ಈಗ ನಾನು ಯಾರ ಹತ್ತಿರ ಹೋಗಿ ಮಾಫಿ ಕೇಳಲಿ?"